ಆಂಬುಲೆನ್ಸಿಗೆ ದಾರಿ ಬಿಟ್ಟವರು

ಆಯುಧಪೂಜೆಯ ದಿನ ನಮ್ಮ ಮೈಸೂರಿನಲ್ಲಿ ಚಕ್ರ ಇರುವುದೆಲ್ಲ ದೇವರೇ. ಸೈಕಲ್ಲಿಗೂ ಹಾರ, ತಳ್ಳುಗಾಡಿಗೂ ಹಾರ, ಸಿಟಿ ಬಸ್ಸಿಗಂತೂ ಮದುಮಗನ ಅಲಂಕಾರ. ಗಾಡಿ ತೊಳೆದು, ವಿಭೂತಿ ಬಳಿದು, ಮುಂದೆ ಎರಡು ಕಡೆ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿ, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ರಸ್ತೆಗೆ ಒಡೆದು, ಆಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹಾರ್ನ್ ಹೊಡೆಯುತ್ತ ಒಂದು ರೌಂಡು ಹೋಗಿಬರಬೇಕು. ಹೋಗದಿದ್ದರೆ ಪೂಜೆ ಮಾಡಿದ ಹಾಗೇ ಅಲ್ಲ. ನನಗೂ ಈ ಹಬ್ಬ ಇಷ್ಟವೇ ಇತ್ತು. ಈಗ ಮಾತ್ರ ಆ ದಿನ ಮಧ್ಯಾಹ್ನದ ಮೇಲೆ ನಾನು ಹೊಸಿಲು ದಾಟುವುದಿಲ್ಲ. "ಕುಂಬಳಕಾಯಿಗೆ ಹೆದರೋ ಹೆಂಗಸನ್ನ ಇಡೀ ಮೈಸೂರಲ್ಲಿ ನಾನೊಬ್ಬನೇ ಕಟ್ಕೊಂಡಿರೋದು" ಎಂದು ನಮ್ಮ ಯಜಮಾನರು ವರ್ಷವರ್ಷವೂ ರೇಗಿಸುತ್ತಾರೆ. ರೇಗಿಸಲಿ. ಅವರು ಅವತ್ತು ಆ ರೈಲ್ವೆ ಗೇಟಿನಲ್ಲಿ ಇರಲಿಲ್ಲ.

ತೊಂಬತ್ತರ ದಶಕದ ಮಾತು. ನನ್ನ ತವರು ಊರಿನ ದಕ್ಷಿಣಕ್ಕೆ, ಮಂಡಕಳ್ಳಿಯ ಕಡೆ ಹೋಗುವ ದಿಕ್ಕಿನಲ್ಲಿ, ರೈಲ್ವೆ ಗೇಟಿನಿಂದಾಚೆ ಇತ್ತು. ಮದುವೆಯಾಗಿ ನಾನು ಸಿದ್ಧಾರ್ಥನಗರ ಸೇರಿದ್ದೆ. ತಂಗಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಮಾಸು ಕೆಳಗೆ, ಗರ್ಭದ ಬಾಯಿಗೇ ಅಡ್ಡ ಕೂತಿದೆ, ಒಂದು ತೊಟ್ಟು ರಕ್ತ ಕಂಡರೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ತಾಯಿ ಮಗು ಇಬ್ಬರಿಗೂ ಕಷ್ಟ ಎಂದು ಡಾಕ್ಟರಮ್ಮ ಮೊದಲೇ ಹೇಳಿ ಹೆದರಿಸಿದ್ದರು. ಹಾಗಾಗಿ ಹಬ್ಬಕ್ಕೆ ನಾನೂ ಎರಡು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಅವ್ವನಿಗೆ ಆಸರೆಯಾಗಿ ಬಂದಿದ್ದೆ. ಅಪ್ಪ ಬೆಳಿಗ್ಗೆಯೇ ಮಂಡಿ ಮೊಹಲ್ಲಾದ ಕಬ್ಬಿಣದ ಅಂಗಡಿಯ ಪೂಜೆಗೆ ಹೋಗಿದ್ದರು. ಮನೆಯಲ್ಲಿ ನಾವು ಮೂವರು ಹೆಂಗಸರೇ.

ಗೇಟಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮೂರಿನ ಜನ ಸಾಧುಗಳು, ಯಾರು ಬೇಕಾದರೂ ಒಪ್ಪುತ್ತಾರೆ. ಆದರೆ ರೈಲ್ವೆ ಗೇಟು ಬಿದ್ದಿತು ಅನ್ನಿ, ಆ ಸಾಧುತನ ಎಲ್ಲಿ ಹೋಗುತ್ತದೋ ಶಿವನೇ ಬಲ್ಲ. ಎಡಗಡೆ ಸಾಲಾಗಿ ನಿಲ್ಲಬೇಕಾದವರು ಎದುರಿನವರು ಬರಬೇಕಾದ ಬಲಗಡೆಯನ್ನೂ ತುಂಬಿಕೊಂಡು, ಗೇಟಿನ ಕಂಬಿಗೆ ಮೂಗು ತಾಗಿಸಿ ನಿಲ್ಲುತ್ತಾರೆ. ಆಚೆ ಕಡೆಯವರೂ ಅಷ್ಟೇ. ಗೇಟು ಮೇಲೆದ್ದರೆ ಎರಡು ಕಡೆಯವರೂ ಕಬಡ್ಡಿ ಆಡುವವರ ಹಾಗೆ ಎದುರುಬದುರು. ಯಾರೂ ಹೋಗುವ ಹಾಗಿಲ್ಲ, ಯಾರೂ ಬರುವ ಹಾಗಿಲ್ಲ. ಬೈದಾಡಿಕೊಂಡು, ಒಂದೊಂದೇ ಸ್ಕೂಟರು ನುಸುಳಿ, ಹೇಗೋ ಬಿಡಿಸಿಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೆವಲ್ಲ, ಅದರಲ್ಲಿ ಹೆದರುವಂಥದ್ದೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಊಟಕ್ಕೆ ಎಲೆ ಹಾಕುತ್ತಿದ್ದೆ. ಕೋಣೆಯಿಂದ ತಂಗಿ ಕೂಗಿದಳು. "ಅಕ್ಕಾ, ಬಾರೆ ಇಲ್ಲಿ... ಸೀರೆಯೆಲ್ಲ ನೆಂದೋಯ್ತು ಕಣೆ." ಹೋಗಿ ನೋಡಿದರೆ ನೀರಲ್ಲ, ರಕ್ತ. ಕೈಯಲ್ಲಿದ್ದ ಎಲೆ ಅಲ್ಲೇ ಬಿತ್ತು. ಎದುರುಮನೆಗೆ ಓಡಿ ಅಲ್ಲಿಂದ ನರ್ಸಿಂಗ್ ಹೋಮಿಗೆ ಫೋನು ಮಾಡಿದೆ. "ಕೂರಿಸಬೇಡಿ, ನಡೆಸಬೇಡಿ, ಮಲಗಿಸಿಯೇ ಕರ್ಕೊಂಡು ಬನ್ನಿ, ಗಾಡಿ ಕಳಿಸ್ತೀನಿ" ಎಂದರು ಡಾಕ್ಟರಮ್ಮ.

ಗಾಡಿ ಬಂತು. ಹಳೆಯ ಮೆಟಡಾರು. ಅದಕ್ಕೂ ಬೆಳಿಗ್ಗೆ ಪೂಜೆಯಾಗಿತ್ತು. ಮುಂದೆ ಎರಡಾಳೆತ್ತರದ ಬಾಳೆಕಂದು, ಗಾಜಿನ ತುಂಬ ವಿಭೂತಿಯ ಮೂರು ಪಟ್ಟೆ, ಮೇಲಿನ ಕೆಂಪು ದೀಪಕ್ಕೆ ಸೇವಂತಿಗೆ ಹಾರ. ಬೀದಿಯ ಮಕ್ಕಳು ಮದುವೆ ಗಾಡಿ ಬಂತೆಂದು ಓಡಿಬಂದವು. ಸ್ಟ್ರೆಚರ್ ಮೇಲೆ ಮಲಗಿದ್ದ ತಂಗಿಯೂ ಆ ಸಂಕಟದಲ್ಲೇ, "ನನ್ನ ಮದ್ವೇಲೂ ಇಷ್ಟು ಚೆನ್ನಾಗಿರೋ ಗಾಡಿ ಕಟ್ಟಿರ್ಲಿಲ್ಲ ಕಣೆ" ಅಂದಳು. ನಗಿಸಲು ಹೇಳಿದಳು. ನನಗೆ ಅಳು ಬಂತು. ಅವ್ವ ಅವಳ ಹಣೆಗೆ ವಿಭೂತಿ ಹಚ್ಚಿ, ತಾನೂ ಹತ್ತಿ, ಅವಳ ತಲೆಯ ಹತ್ತಿರ ಕೂತಳು. ನಾನು ಮುಂದಿನ ಸೀಟಿನ ಬದಿಗೆ, ಕಾಲ ಹತ್ತಿರ. ಡ್ರೈವರು ಹಿಂದಿನ ಎರಡು ಬಾಗಿಲನ್ನೂ ಹೊರಗಿನಿಂದ ಹಾಕಿ, "ಎದ್ರಕಬ್ಯಾಡಿ ಕಣವ್ವಾ, ಅಂಗೇ ಗಟ್ಟಿಯಾಗಿ ಇಡ್ಕಂಡಿರಿ" ಎಂದು ಸೈರನ್ ಹಾಕಿದ.

ದಾರಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಆ ದಿನ ಪೂಜೆಯಾದ ಗಾಡಿಗಳೆಲ್ಲ ಬಾಯಿ ಮಾಡಿಕೊಂಡೇ ಓಡಾಡುತ್ತವೆ, ಇದೂ ಹಾಗೇ ಒಂದು ರೌಂಡು ಹೊರಟಿದೆ ಎಂದುಕೊಂಡಿರಬೇಕು. ಗೇಟಿನ ಹತ್ತಿರ ಬಂದರೆ ಗೇಟು ಬಿದ್ದಿತ್ತು. ಮುಂದೆ ಸಂತೆಯಂಥ ಜನ. ಸ್ಕೂಟರಿನ ಮೇಲೆ ನಾಲ್ಕು ನಾಲ್ಕು ಮಂದಿ, ರೇಷ್ಮೆ ಸೀರೆಯ ಹೆಂಗಸರು, ಹೂ ಮುಚ್ಚಿದ ಆಟೋಗಳು. ತಂಗಿಯ ಕೆಳಗಿನ ಬಟ್ಟೆ ಬದಲಾಯಿಸಿದ್ದೆ, ಅದೂ ಕೆಂಪಾಗಿತ್ತು. ಅವಳ ತುಟಿ ಬಿಳಿಚಿಕೊಳ್ಳುತ್ತಿತ್ತು. ನಾನು ಮುಂದಿನ ಸೀಟಿನ ಕಡೆಯ ಸಂದಿಯಿಂದ ತಲೆ ಹಾಕಿ, "ಬಸುರಿ ಇದ್ದಾಳೆ, ದಾರಿ ಬಿಡ್ರೀ!" ಎಂದು ಕಿರುಚಿದೆ.

ಆಗ ಆ ಜನ ಮಾಡಿದ್ದನ್ನು ಮರೆಯಲಾರೆ. ಒಬ್ಬ ಒಳಗೆ ಇಣುಕಿದ, ತಂಗಿಯನ್ನು ನೋಡಿದ, "ಬುಡ್ರಪ್ಪೋ, ಬುಡ್ರೋ, ಬಸ್ರಿ ಗಾಡಿ" ಎಂದು ಕೂಗುತ್ತ ಮುಂದೆ ಓಡಿದ. ಹೆಂಗಸರು ಸ್ಕೂಟರು ಇಳಿದರು. ಗಂಡಸರು ಸ್ಕೂಟರುಗಳನ್ನು ಓರೆ ಮಾಡಿ ಚರಂಡಿಯ ಅಂಚಿಗೆ ತಳ್ಳಿದರು. ಯಾವನೋ ತನ್ನ ಎಳನೀರಿನ ಗಾಡಿಯನ್ನೇ ಎತ್ತಿ ಪಕ್ಕಕ್ಕಿಟ್ಟ. ಒಂದು ಗಳಿಗೆಯಲ್ಲಿ ನಾವು ಗೇಟಿನ ಕಂಬಿಯ ಮುಂದಿದ್ದೆವು. ಅವ್ವ ಕಿಟಕಿಯಿಂದಲೇ ಎಲ್ಲರಿಗೂ ಕೈಮುಗಿದಳು. ನನಗೂ ಆ ಹೊತ್ತು ಅವರೆಲ್ಲ ದೇವರ ಹಾಗೇ ಕಂಡರು.

ಒಂದು ರೈಲು ಹೋಯಿತು. ಗೇಟು ಕಾಯುವವರು ಗೇಟು ತೆಗೆಯಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಈ ರೈಲಿಗೆಂದೇ ಕಾದಿದ್ದ ಇನ್ನೊಂದು ರೈಲು ಎದುರಿನಿಂದ ಬರುವುದಿದೆ, ಅದೂ ಹೋಗಲಿ ಎಂದರು. ಜನ ಅವರ ಮೇಲೆ ಬಿದ್ದರು. "ಒಳಗೆ ಜೀವ ಓಗ್ತಾ ಅದೆ, ಕಣ್ ಕಾಣಲ್ವಾ ನಿಂಗೆ?" ಆತ ಹತ್ತಿರ ಬಂದು ಗಾಡಿಯೊಳಗೆ ನೋಡಿದರು. ತಂಗಿ ಅವರನ್ನೇ ನೋಡಿದಳು. ವಯಸ್ಸಾದ ಮನುಷ್ಯ, ಹೆಣ್ಣುಮಕ್ಕಳಿರುವ ಮುಖ. ನೇರ ಹೋಗಿ ಗೇಟಿನ ಚಕ್ರ ತಿರುಗಿಸುತ್ತ, "ಆಂಬುಲೆನ್ಸು ಮಾತ್ರ! ಬೇಗ ದಾಟ್ಬುಡಿ! ಇನ್ಯಾರೂ ಬರ್‌ಬ್ಯಾಡಿ!" ಎಂದು ಕೂಗಿದರು.

ನಾವು ನುಗ್ಗಿದೆವು. ಹಳಿಯ ಮೇಲೆ ಗಾಡಿ ದಡದಡ ಕುಲುಕಿತು, ತಂಗಿ ನರಳಿದಳು, ಗಾಡಿ ನಿಂತಿತು. ಮತ್ತೆ ಹೊರಡಲಿಲ್ಲ. ಯಾಕೆ ಎಂದು ಸಂದಿಯಿಂದ ನೋಡಿದರೆ ಎದುರಿಗೆ ಗೋಡೆ ಕಟ್ಟಿದ ಹಾಗೆ ಜನ. ಈ ಕಡೆಯವರು ನಮಗೆ ದಾರಿ ಬಿಟ್ಟಿದ್ದರು, ಆ ಕಡೆಯವರಿಗೆ ನಾವು ಬರುವುದೇ ಗೊತ್ತಿರಲಿಲ್ಲ. ಗೇಟು ಎದ್ದದ್ದಷ್ಟೇ ಅವರಿಗೆ ಕಂಡದ್ದು. ರಸ್ತೆಯ ಎರಡು ಬದಿಯನ್ನೂ ತುಂಬಿಕೊಂಡು ಅವರೂ ನುಗ್ಗಿದ್ದರು. ನಡುವೆ ಒಂದು ಸಿಟಿ ಬಸ್ಸು ನಮಗೆ ಮುಖ ಕೊಟ್ಟು ನಿಂತಿತ್ತು. ಅದರ ಹಿಂದೆ ಲಾರಿ. ಪಕ್ಕದಲ್ಲೆಲ್ಲ ಸ್ಕೂಟರುಗಳು. ಇತ್ತ ಹಿಂದೆ ಏನಾಗಿತ್ತೆಂದರೆ, ಆಂಬುಲೆನ್ಸಿನ ಬಾಲ ಹಿಡಿದರೆ ಬೇಗ ದಾಟಬಹುದೆಂಬ ನಮ್ಮ ಜನರ ಆ ಹಾಳು ಬುದ್ಧಿ ಇದೆಯಲ್ಲ, ಒಂದು ಕಾರು ನಮ್ಮ ಬೆನ್ನಿಗೇ ಅಂಟಿಕೊಂಡು ಬಂದಿತ್ತು. ಕಾರಿನ ಹಿಂದೆ ಟೆಂಪೋ. ಟೆಂಪೋದ ಹಿಂದೆ ಇಡೀ ಊರು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ನನ್ನ ತಂಗಿ, ಅವಳ ಹೊಟ್ಟೆಯ ಕೂಸು, ಅವ್ವ, ನಾನು, ಹಳಿಯ ನಟ್ಟನಡುವೆ.

ದೂರದಲ್ಲಿ ರೈಲು ಕೂಗಿತು. ಆ ಗಲಾಟೆಯಲ್ಲೂ ಯಾರೋ ನಗುತ್ತ, "ಇವತ್ತು ಇಂಜಿನ್ನಿಗೂ ಪೂಜೆ ಕಣೋ, ಅದ್ಕೇ ಬಡ್ಕೋತಾ ಅದೆ" ಎಂದದ್ದು ನನ್ನ ಕಿವಿಗೆ ಬಿತ್ತು. ಹಾರ್ನ್ ಹೊಡೆಯುವವರು ಹೊಡೆಯುತ್ತಲೇ ಇದ್ದರು. ನಮ್ಮ ಡ್ರೈವರು ಫಕ್ಕನೆ ಸೈರನ್ ನಿಲ್ಲಿಸಿದ. ನಿಲ್ಲಿಸಿ ಕಿವಿಗೊಟ್ಟ. ನಾನೂ ಕಿವಿಗೊಟ್ಟೆ. ರೈಲಿನ ಕೂಗು ಹತ್ತಿರವೇ ಇತ್ತು. ಗೇಟಿನವರು ಗೇಟು ಇಳಿಸಲು ನೋಡಿದರು, ಕಂಬಿ ಟೆಂಪೋದ ತಲೆಯ ಮೇಲೆ ಕೂತಿತು. ಆತ ಚಕ್ರ ಬಿಟ್ಟು, ಕೆಂಪು ಬಾವುಟ ಕಿತ್ತುಕೊಂಡು, ಹಳಿಯ ಗುಂಟ ರೈಲು ಬರುವ ದಿಕ್ಕಿಗೆ ಓಡತೊಡಗಿದರು. ಆ ವಯಸ್ಸಿನವರು ಹಾಗೆ ಓಡುವುದನ್ನು ನೋಡಿದ ಮೇಲೆ ನನಗೆ ನಿಜವಾಗಿ ಹೆದರಿಕೆಯಾಯಿತು.

"ಅವ್ವಾ, ಇವಳನ್ನ ಇಳಿಸೋಣ" ಎಂದು ಹಿಂದಿನ ಬಾಗಿಲು ತಳ್ಳಿದೆ. ಹೊರಗಿನ ಚಿಲಕ. ಡ್ರೈವರು ಇಳಿದು ಓಡಿಬಂದು ಚಿಲಕ ತೆಗೆದ. ಬಾಗಿಲು ಒಂದು ಗೇಣು ಬಿಚ್ಚಿ ಕಾರಿನ ಮೂತಿಗೆ ತಾಗಿ ನಿಂತಿತು. ಒಂದು ಗೇಣಿನಲ್ಲಿ ತುಂಬು ಬಸುರಿ ಇಳಿಯುತ್ತಾಳೆಯೇ? ಅವ್ವ ಆ ಸಂದಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನೀನಿಳಿಯೇ."

"ಏನವ್ವಾ ಹಂಗಂದ್ರೆ?"

"ನಿಂಗೆ ಎರಡು ಮಕ್ಳವೆ. ಮುಂದಿನ ಸೀಟಿನ ಮ್ಯಾಲಿಂದ ಇಳ್ಕೊಂಡು ಓಗು. ಇವಳ ಜೊತೆ ನಾನಿರ್ತೀನಿ."

ನನ್ನ ಸೆರಗು ಹಿಡಿದುಕೊಂಡಿದ್ದ ತಂಗಿ ಬೆರಳು ಒಂದೊಂದಾಗಿ ಬಿಟ್ಟಳು. ಅಯ್ಯೋ ಶಿವನೇ, ಅದನ್ನು ಹೇಗೆ ಹೇಳಲಿ. ಹೆದರಿ ಹಿಡಿದುಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಬಿಟ್ಟಳಲ್ಲ, ಅದು ತಡೆಯಲಾಗಲಿಲ್ಲ.

ಮುಂದಿನ ಸೀಟು ಹತ್ತಿ ಹಾರಿದೆ. ಓಡಿಹೋಗಲು ಅಲ್ಲ, ಆ ಕಾರನ್ನು ಹಿಂದಕ್ಕೆ ನೂಕಿಸಲು. ಬಾನೆಟ್ಟಿನ ಮೇಲೆ ಎರಡೂ ಕೈಯಿಂದ ಗುದ್ದಿದೆ. ಕಾರಿನವನು ಗಾಜು ಇಳಿಸಿ, "ಹಿಂದಕ್ಕೆ ಜಾಗ ಎಲ್ಲದೆ ಕಣಮ್ಮ? ನೀವೇ ನೋಡಿ" ಎಂದ. ಪಕ್ಕದಲ್ಲಿ ಅವನ ಹೆಂಡತಿ ಮಡಿಲಲ್ಲಿ ಪೂಜೆಯ ತಟ್ಟೆ ಇಟ್ಟುಕೊಂಡು ಕೂತಿದ್ದಳು. "ರೈಲು ಬರ್ತಿದೆ ಕಣ್ರೀ! ಇಳೀರೀ!" ಎಂದು ನಾನು ಅರಚಿದ ರಭಸಕ್ಕೆ ನನ್ನ ಗಂಟಲೇ ಕಿತ್ತುಬಂತು. ಆಗ ಅವಳು ತಿರುಗಿ ಹಳಿಯ ಕಡೆ ನೋಡಿದಳು. ತಟ್ಟೆ ಬಿಸಾಕಿ ಇಳಿದು ಓಡಿದಳು.

ತಿರುವಿನಲ್ಲಿ ಇಂಜಿನ್ ಕಾಣಿಸಿತು. ಅದಕ್ಕೂ ಎರಡು ಕಡೆ ಬಾಳೆಕಂದು. ನೆಟ್ಟಗೆ ನಮ್ಮ ಕಡೆಗೇ.

ಜನಕ್ಕೆ ಈಗ ಅರ್ಥವಾಯಿತು. ಕೆಲವರು ಸ್ಕೂಟರು ಬೀಳಿಸಿ ಓಡಿದರು. ಕೆಲವರು, ಅವರ ಕಾಲು ತೊಳೆದು ನೀರು ಕುಡಿಯಬೇಕು, ಓಡದೆ ಬಂದು ಮುಂದಿನ ಸ್ಕೂಟರುಗಳನ್ನು ಎತ್ತೆತ್ತಿ ಚರಂಡಿಗೆ ಹಾಕತೊಡಗಿದರು. ಬಸ್ಸಿನವನು ಹಿಂದಿನ ಲಾರಿಗೆ ಗುದ್ದಿಕೊಂಡೇ ಒಂದು ಮಾರು ಹಿಂದೆ ಸರಿದ. ನಮ್ಮ ಡ್ರೈವರು ಮತ್ತೆ ಹತ್ತಿ ಕೂತಿದ್ದ. ಬಿಟ್ಟು ಓಡಬಹುದಿತ್ತು, ಓಡಲಿಲ್ಲ. ಗಾಡಿ ಒಂದಿಷ್ಟು ಮುಂದೆ ಹೋಯಿತು, ಹಿಂಭಾಗ ಹಳಿಯ ಮೇಲೇ ಉಳಿಯಿತು. ತಂಗಿಯ ತಲೆ ಇದ್ದದ್ದು ಆ ಹಿಂಭಾಗದಲ್ಲೇ. ಗಾಜಿನಲ್ಲಿ ಅವ್ವನ ಬೆನ್ನು ಕಾಣುತ್ತಿತ್ತು. ಮಗಳ ಮೇಲೆ ಬಾಗಿ ಮುಚ್ಚಿಕೊಂಡಿದ್ದಳು. ರೈಲನ್ನು ಬೆನ್ನಿನಿಂದ ತಡೆಯುತ್ತೇನೆ ಎಂದುಕೊಂಡಿದ್ದಳೋ ಏನೋ.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಕಾಲು ಕಿತ್ತಿಡಲಾಗದೆ ಆ ಬಾಗಿಲಿನ ಹಿಡಿ ಹಿಡಿದುಕೊಂಡು ನಿಂತಿದ್ದೆ. ಯಾರೋ ತೋಳು ಹಿಡಿದು ಎಳೆದರು, ಹಿಡಿ ಬಿಡಲಿಲ್ಲ. ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಬಂತು. ಹಲ್ಲು ಜುಮ್ಮೆನ್ನುವ, ಮುಗಿಯದ ಸದ್ದು. ಕಣ್ಣು ಮುಚ್ಚಿದೆ. ಸದ್ದು ನಿಂತ ಮೇಲೆ ತೆರೆದೆ. ಇಂಜಿನ್ನಿನ ಚೆಂಡು ಹೂವಿನ ಹಾರದ ಒಂದು ಕೊನೆ ಕಿತ್ತುಕೊಂಡು ನೇತಾಡುತ್ತಿತ್ತು, ಅದರ ದಾರ ಸಹ ನನಗೆ ಕಾಣುತ್ತಿತ್ತು. ಅಷ್ಟು ಹತ್ತಿರ. ಹಳಿಯ ಪಕ್ಕದ ಜಲ್ಲಿಯ ಮೇಲೆ ಗೇಟಿನವರು ಬಾವುಟ ಹಿಡಿದೇ ಕೂತುಬಿಟ್ಟಿದ್ದರು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ದಾರಿಯಾಯಿತು, ಹೋದೆವು, ತಂಗಿಯನ್ನು ನೇರ ಆಪರೇಷನ್ನಿಗೆ ಒಯ್ದರು. ಆಸ್ಪತ್ರೆಯ ಕಾಂಪೌಂಡಿನ ಹತ್ತಿರ ನಮ್ಮ ಡ್ರೈವರು ಗೋಡೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ಆಮೇಲೆ ಗಾಡಿಗೆ ಕಟ್ಟಿದ್ದ ಬಾಳೆಕಂದನ್ನು ಕಿತ್ತು ಬಿಸಾಡಿದ. ಅಪ್ಪ ಕೈಯಲ್ಲಿ ಅಂಗಡಿ ಪೂಜೆಯ ಕುಂಕುಮ ಹಾಗೇ ಮೆತ್ತಿಕೊಂಡು ಓಡಿಬಂದರು, ಅವರ ಆ ಕೆಂಪು ಕೈ ನೋಡಿ ನಾನು ಚೀರಿದೆನಂತೆ. ಸಂಜೆಗೆ ಹೆಣ್ಣು ಮಗು. ತಾಯಿ ಉಳಿದಳು, ಮಗು ಉಳಿಯಿತು. ಅವ್ವ ಮನೆದೇವರಿಗೆ ರುದ್ರಾಭಿಷೇಕ ಮಾಡಿಸಿದಳು. ಎಲ್ಲರೂ ಮರೆತರು. ತಂಗಿ ಕೂಡ, ಮಂಪರಿನಲ್ಲಿದ್ದೆ, ಏನೂ ನೆನಪಿಲ್ಲ ಎನ್ನುತ್ತಾಳೆ. ಬೆರಳು ಬಿಟ್ಟದ್ದೂ ನೆನಪಿಲ್ಲವೇ ಎಂದು ನಾನು ಕೇಳಿಲ್ಲ.

ವರ್ಷಗಳು ಕಳೆದವು. ಸಣ್ಣ ಹಳಿ ಹೋಗಿ ಬ್ರಾಡ್‌ಗೇಜ್ ಬಂತು, ಗೇಟಿಗೆ ಹೊಸ ಕಂಬಿ, ಕೆಂಪು ದೀಪ ಬಂದವು. ಜನ ಮಾತ್ರ ಅವರೇ. ಆ ದಿನ ಹುಟ್ಟಿದ ಹುಡುಗಿ ಹೈಸ್ಕೂಲಿಗೆ ಬಂದಿದ್ದಳು. ಒಂದು ಸಂಜೆ ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಅವ್ವನ ಮನೆಯಿಂದ ಬರುತ್ತಿದ್ದೆ. ಗೇಟು ಬಿದ್ದಿತ್ತು. ನಾವು ಮುಂದಿನ ಸಾಲಿನಲ್ಲಿದ್ದೆವು. ಹಿಂದಿನಿಂದ ಸೈರನ್ ಕೇಳಿಸಿತು.

ಅದೇ ಕೂಗು. "ಬುಡ್ರಪ್ಪೋ, ಆಂಬುಲೆನ್ಸು, ಬುಡ್ರೋ." ಅದೇ ಸ್ಕೂಟರು ತಳ್ಳುವುದು, ಅದೇ ಒಳ್ಳೆಯ ಜನ. ಆಂಬುಲೆನ್ಸು ಕಂಬಿಯ ಮುಂದೆ ಬಂದು ನಿಂತಿತು. ರೈಲು ಹೋಯಿತು, ಗೇಟು ಎದ್ದಿತು. ಎದುರಿಗೆ ನೋಡಿದೆ. ರಸ್ತೆಯ ಎರಡೂ ಬದಿ ತುಂಬಿಕೊಂಡು ಅದೇ ಗೋಡೆ. ನನಗೆ ಏನಾಯಿತೋ ತಿಳಿಯದು. ಸ್ಕೂಟಿಗೆ ಸ್ಟ್ಯಾಂಡ್ ಹಾಕಿ, ಹೋಗಿ ಆಂಬುಲೆನ್ಸಿನ ಮುಂದೆ ಎರಡು ಕೈ ಚಾಚಿ ನಿಂತುಬಿಟ್ಟೆ.

"ಆಚೆ ಕಡೆ ಖಾಲಿ ಆಗೋವರೆಗೂ ಬಿಡಲ್ಲ!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ತಲೆ ಕೆಟ್ಟದಾ ನಿಂಗೆ? ಸರ್ಕೊಳಮ್ಮ!" ಹಿಂದಿನಿಂದ ಜನ ಅರಚಿದರು. ಗೇಟಿನವನೂ, ಇವನು ಬೇರೆ, ಚಿಕ್ಕ ವಯಸ್ಸಿನವನು, "ಈಗ ಯಾವ ರೈಲೂ ಇಲ್ಲ ಕಣಮ್ಮ, ಬುಡಿ" ಎಂದ. ನಂಬಲಿಲ್ಲ. ಆಂಬುಲೆನ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಅರ್ಧ ಮೈ ಹೊರಗೆ ಹಾಕಿದಳು. ನನ್ನ ಆಗಿನ ವಯಸ್ಸೇ ಇರಬೇಕು. "ಒಳಗೆ ನನ್ ಗಂಡ ಸಾಯ್ತಾವ್ನೆ ಕಣೇ! ನಿನ್ ಮನೆ ಹಾಳಾಗ! ನಿನ್ ಮಕ್ಳು ಮಣ್ ತಿನ್ನ!" ಎಂದು ಎದೆ ಬಡಿದುಕೊಂಡಳು. ಆದರೂ ಸರಿಯಲಿಲ್ಲ. ನಾನು ತಡೆದದ್ದು ನೋಡಿ ಎದುರಿನವರಲ್ಲಿ ಇಬ್ಬರು ಇಳಿದುಬಂದು ಆ ಕಡೆಯ ಸ್ಕೂಟರುಗಳನ್ನು ಸರಿಸತೊಡಗಿದರು, ಒಂದು ಬದಿ ಬಿಚ್ಚಿತು. ಆಗ ಕೈ ಇಳಿಸಿದೆ. ಆಂಬುಲೆನ್ಸು ಹಳಿಯ ಮೇಲೆ ಒಂದು ಕ್ಷಣವೂ ನಿಲ್ಲದೆ ದಾಟಿಹೋಯಿತು. ಆ ಹೆಂಗಸು ಕಣ್ಮರೆಯಾಗುವವರೆಗೂ ನನ್ನನ್ನು ಬೈಯುತ್ತಲೇ ಇದ್ದಳು.

ಆ ಸಂಜೆ ಇನ್ನೊಂದು ರೈಲು ಬರಲೇ ಇಲ್ಲ.

ಸ್ಕೂಟಿಯ ಹತ್ತಿರ ಬಂದರೆ ಕೀ ತಿರುಗಿಸಲು ಕೈ ಬರಲಿಲ್ಲ. ಹುಡುಗಿ ಕೆಂಪಗಾಗಿದ್ದಳು, ನಾಚಿಕೆಗೋ ಹೆದರಿಕೆಗೋ. ಅವಳಿಗೆ ತಾನು ಹುಟ್ಟಿದ ದಿನದ ಕಥೆಯನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅವಳೇ ಕೀ ತಿರುಗಿಸಿ ಕೊಟ್ಟು, ಹಿಂದೆ ಕೂತು, ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡಳು. ಅವಳಮ್ಮ ಹಿಡಿದುಕೊಂಡಿದ್ದ ಹಾಗೇ.

"ದೊಡ್ಡಮ್ಮ, ಅವರ ಯಜಮಾನ್ರು ಉಳ್ಕೋತಾರಾ?" ಎಂದು ಕೇಳಿದಳು.

"ಗೊತ್ತಿಲ್ಲ ಕಣೆ" ಎಂದೆ.

ಇವತ್ತಿಗೂ ಗೊತ್ತಿಲ್ಲ.